ಬೇಳೆ ಬೇಯದ ಮನೆಯ ಭೂಗೋಳ

ವರ್ಷಕ್ಕೊಮ್ಮೆ, ಮೋಡ ಬಂದು ಮಳೆ ಮಾತ್ರ ಬಾರದ ದಿನಗಳಲ್ಲಿ, ನಾನು ಚಿತ್ತಾಪುರದ ಒಂದು ಹೈಸ್ಕೂಲಿನಲ್ಲಿ ನಿಂತು ಇಡೀ ಭೂಮಿಯ ನೀರನ್ನು ಹಂಚುತ್ತೇನೆ. ಸಮಾಜ ವಿಜ್ಞಾನ ನನ್ನ ವಿಷಯ. ಪುಸ್ತಕದಲ್ಲಿ ಒಂದು ನೀಲಿ ಗೋಲದ ಚಿತ್ರವಿದೆ, ಅದರ ಪಕ್ಕದಲ್ಲಿ ನಲ್ಲಿ ತಿರುವಿಕೊಂಡು ನಗುವ ಒಂದು ಮಗು. ಆ ನಲ್ಲಿ ನೋಡಿದರೇ ಗೊತ್ತಾಗುತ್ತದೆ, ಚಿತ್ರ ಬರೆದವರು ನಮ್ಮ ಕಡೆ ಕಾಲಿಟ್ಟವರಲ್ಲ ಅಂತ. ಅದರ ಬಾಯಿಗೆ ಬಿಳಿ ಸುಣ್ಣ ಕಟ್ಟಿಲ್ಲ.

ಪಾಠ ಸುಲಭ. ಭೂಮಿಯ ಮೇಲಿನ ನೀರನ್ನು ನೂರು ಪಾಲು ಮಾಡಿದರೆ ತೊಂಬತ್ತೇಳು ಪಾಲು ಸಮುದ್ರದ ಉಪ್ಪುನೀರು. ಉಳಿದ ಮೂರು ಪಾಲು ಸಿಹಿನೀರು, ಆದರೆ ಅದರಲ್ಲೂ ಹೆಚ್ಚಿನದು ಧ್ರುವಗಳಲ್ಲಿ ಹಿಮವಾಗಿ ಕೂತಿದೆ, ಮಿಕ್ಕದ್ದರಲ್ಲಿ ಬಹಳಷ್ಟು ನೆಲದೊಳಗೆ ಅಡಗಿದೆ. ನದಿ, ಕೆರೆ ಅಂತ ಕಣ್ಣಿಗೆ ಕಾಣುವುದು ಚಮಚೆಯ ತುದಿಗೆ ಅಂಟಿದ ಒಂದು ಹನಿ. ನಾನು ಬಕೀಟು, ತಂಬಿಗಿ, ಚಮಚೆ ಇಟ್ಟುಕೊಂಡು ಇದನ್ನೆಲ್ಲ ಮಾಡಿ ತೋರಿಸುತ್ತೇನೆ. ಬಕೀಟಿಗೆ ಉಪ್ಪು ಹಾಕಬೇಕು ಅಂತ ಪುಸ್ತಕ ಹೇಳುತ್ತದೆ. ನಾನು ಹಾಕುವುದಿಲ್ಲ. ಶಾಲೆಯ ಬೋರಿನಿಂದ ತುಂಬಿದ ನೀರಿಗೆ ಮೇಲಿಂದ ಉಪ್ಪು ಹಾಕಿದರೆ ಅದಕ್ಕೆ ಅವಮಾನ ಮಾಡಿದಂತೆ.

ಒಮ್ಮೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು, "ಟೀಚರ್, ನಮ್ಮ ಬೋರಿನ ನೀರು ಯಾವ ಪಾಲ್ನಾಗ ಬರ್ತದ್ರಿ?"

ನೆಲದೊಳಗಿನ ನೀರು ಪುಸ್ತಕದ ಲೆಕ್ಕದಲ್ಲಿ ಸಿಹಿನೀರು. ಹಾಗೇ ಹೇಳಿದೆ. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಪಾಠ ಮಾಡುವಾಗ ನಗಬಾರದು ಅಂತ ಎಲ್ಲೂ ಬರೆದಿಲ್ಲ.

ನಿಜ ಹೇಳಬೇಕೆಂದರೆ ನಮ್ಮದು ಉಪ್ಪಲ್ಲ, ಸುಣ್ಣ. ಶಹಾಬಾದ, ವಾಡಿ, ಸೇಡಂ, ಎಲ್ಲಿ ಅಗೆದರೂ ಒಂದರ ಮೇಲೊಂದು ಪದರಾಗಿ ಪರಸಿ, ಅಂದರೆ ಸುಣ್ಣದ ಹಾಸುಗಲ್ಲು. ಯಾವ ಕಾಲದಲ್ಲೋ ಇಲ್ಲಿ ಸಮುದ್ರವಿತ್ತಂತೆ, ಅದರ ತಳದ ಕೆಸರೇ ಗಟ್ಟಿಯಾಗಿ ಈ ಕಲ್ಲಾಯಿತಂತೆ. ಸಮುದ್ರ ತನ್ನ ಪಾಡಿಗೆ ಎದ್ದು ಹೋಯಿತು, ಹಾಸಿಗೆ ಮಾತ್ರ ನಮಗೆ ಬಿಟ್ಟು ಹೋಯಿತು. ನಾವು ಅದನ್ನೇ ಎಬ್ಬಿಸಿ ಪಡಸಾಲೆಗೆ ಹಾಸಿಕೊಂಡಿದ್ದೇವೆ, ಪುಡಿ ಮಾಡಿ ಸಿಮೆಂಟು ಮಾಡಿ ಊರೂರಿಗೆ ಕಳಿಸುತ್ತೇವೆ, ಉಳಿದದ್ದನ್ನು ನೀರಿನಲ್ಲಿ ಕರಗಿಸಿ ಕುಡಿಯುತ್ತೇವೆ. ನಾಲಿಗೆಗೆ ಹಿಡಿಸದ ನೀರಿಗೆಲ್ಲ ನಮ್ಮವರು ಸವಳು ಅನ್ನುತ್ತಾರೆ, ಹಿಡಿಸಿದ್ದಕ್ಕೆ ಸೀ ನೀರು. ಇಷ್ಟೇ ನಮ್ಮ ರಸಾಯನಶಾಸ್ತ್ರ.

ಈ ಸವಳು ನೀರಿನ ದೊಡ್ಡ ಗುಣ ಏನೆಂದರೆ ಅದರಲ್ಲಿ ತೊಗರಿ ಬೇಳೆ ಬೇಯುವುದಿಲ್ಲ. ದೇಶಕ್ಕೆಲ್ಲ ತೊಗರಿ ಕೊಡುವ ನೆಲ ಇದು. ಚಿತ್ತಾಪುರದ ಕರಿ ಮಣ್ಣಿನ ತೊಗರಿ ಅಂದರೆ ದೂರದೂರದ ವ್ಯಾಪಾರಿಗಳು ಕಣ್ಣು ಮುಚ್ಚಿ ಕೊಳ್ಳುತ್ತಾರೆ. ಯಾವ ಊರಿನಲ್ಲೋ ಯಾರದೋ ಒಲೆಯ ಮೇಲೆ ಅದು ಹೂವಿನ ಹಾಗೆ ಅರಳುತ್ತದೆ. ಬೆಳೆದವರ ಮನೆಯಲ್ಲಿ ಮಾತ್ರ ಮಧ್ಯಾಹ್ನದವರೆಗೆ ಕುದಿದರೂ ಕಲ್ಲಿನ ಹರಳಿನಂತೆ ತಳದಲ್ಲಿ ಕಟಕಟ ಅನ್ನುತ್ತಿರುತ್ತದೆ.

ಅದಕ್ಕೇ ನಮ್ಮ ಕಡೆಯ ಸೀ ನೀರಿನ ಊರುಗಳಲ್ಲಿ ಒಂದು ಪದ್ಧತಿ. ಹುಡುಗಿ ಕೊಡುವ ಮೊದಲು ಗಂಡಸರು ಹುಡುಗನ ಹೊಲ ನೋಡುತ್ತಾರೆ, ನೌಕರಿ ನೋಡುತ್ತಾರೆ, ಮನೆಗೆ ಎಷ್ಟು ಅಂಕಣ ಅಂತ ನೋಡುತ್ತಾರೆ. ಹಿರಿಯ ಹೆಂಗಸು ನೋಡುವುದು ನೀರು. ಸೆರಗಿನ ತುದಿಯಲ್ಲಿ ಒಂದು ಹಿಡಿ ತೊಗರಿ ಬೇಳೆ ಕಟ್ಟಿಕೊಂಡು ಹೋಗುತ್ತಾಳೆ. ಚಹಾ ಕುಡಿದ ಮೇಲೆ ಅಡುಗೆಮನೆಗೆ ನಡೆದು, ಆ ಮನೆಯ ನೀರಿನಲ್ಲಿ, ಆ ಮನೆಯ ಒಲೆಯ ಮೇಲೆ ಬೇಳೆ ಇಡುತ್ತಾಳೆ. ಕುಕ್ಕರ್ ಇಲ್ಲ, ಸೋಡಾ ಇಲ್ಲ. ಬೆಂದರೆ ಮಾತು ಮುಂದುವರಿಯುತ್ತದೆ. ಬೇಯದಿದ್ದರೆ "ಆಮ್ಯಾಲ ತಿಳಸ್ತೀವ್ರಿ" ಅಂತ ಎದ್ದು ಬರುತ್ತಾರೆ. ಅದರರ್ಥ ಎಲ್ಲರಿಗೂ ಗೊತ್ತು.

ನನ್ನ ತವರು ದಂಡೋತಿ. ಕಾಗಿಣಾ ನದಿಯ ದಂಡೆ, ಸೀ ನೀರಿನ ಊರು. ನನಗೆ ಗಂಡು ನೋಡಲು ಹೋದವಳು ನನ್ನ ದೊಡ್ಡವ್ವ, ಅವ್ವನ ಅಕ್ಕ. ಹುಡುಗನ ಊರು ವಾಡಿಗೂ ಶಹಾಬಾದಕ್ಕೂ ನಡುವೆ, ಸುತ್ತಲೂ ಕಲ್ಲಿನ ಖಣಿ. ಅಂಥ ಊರಿನಲ್ಲಿ ಸೀ ನೀರು ಎಲ್ಲಿಂದ ಬರಬೇಕು ಅಂತ ನಾನು ಮನೆಯಲ್ಲಿ ನೆಮ್ಮದಿಯಿಂದ ಬಿ.ಎಡ್ ಪರೀಕ್ಷೆಗೆ ಓದುತ್ತಾ ಕೂತಿದ್ದೆ. ಸಂಜೆ ದೊಡ್ಡವ್ವ ಹಣೆಯ ವಿಭೂತಿ ಬೆವರಿನಲ್ಲಿ ಇಳಿದಿದ್ದರೂ ಮುಖ ಅರಳಿಸಿಕೊಂಡು ಬಂದಳು.

"ಏನ್ ನೀರವ್ವ ಅದು! ಬ್ಯಾಳಿ ಇಟ್ಟು ಅತ್ತಾಗ ತಿರುಗೂದ್ರಾಗ ಬೆಣ್ಣಿ ಆದ್ವು. ನಮ್ಮೂರ ನೀರಿಗಿಂತ ಛಲೋ ಅದ."

ಮದುವೆಯಾಯಿತು. ಅತ್ತೆಯ ಮನೆಯಲ್ಲಿ ನಾನು ಇಟ್ಟ ಮೊದಲ ಬೇಳೆ ಬೆಳಿಗ್ಗೆ ಒಲೆ ಏರಿದ್ದು ಮಧ್ಯಾಹ್ನದ ಊಟಕ್ಕೂ ಇಳಿಯಲಿಲ್ಲ. ಮಾವ ರೊಟ್ಟಿ ಹರಿದುಕೊಂಡು ಕಾದು ಕಾದು ಕೊನೆಗೆ ಶೇಂಗಾ ಹಿಂಡಿ ಚಟ್ನಿಯಲ್ಲಿ ತಿಂದರು. ಬಂದ ನೆರೆಯವರ ಮುಂದೆ, "ಓದಿದ ಹುಡುಗಿ ನೋಡ್ರಿ, ಅಡಗಿ ಜರಾ ಕಮ್ಮಿ" ಅಂದರು. ನನಗೆ ಮೈಯೆಲ್ಲ ಉರಿಯಿತು. ನಾನು ಬೇಳೆ ಬೇಯಿಸಲಾರದವಳೇ? ಅಡುಗೆಮನೆಗೆ ಬಂದು ಅತ್ತೆಯ ಮುಂದೆ ಸೌಟು ಕುಕ್ಕಿದೆ.

ಅತ್ತೆ ಮಾತು ಕಡಿಮೆ. ಆಡಿದರೆ ಸುತ್ತುಬಳಸು ಇಲ್ಲ. "ನಿಮ್ಮ ದೊಡ್ಡವ್ವ ಬಂದಾಗಿಂದು ಬ್ಯಾರೆ ನೀರವ್ವ. ನಿಮ್ಮ ಮಾವ ಟಂಟಂ ಮಾಡಿ ನದಿಯಿಂದ ತರಿಸಿದ್ರು," ಅಂದರು.

"ಯಾವ ನದಿ?"

"ಕಾಗಿಣಾ. ದಂಡೋತಿ ಘಾಟಿಂದು."

ನನ್ನ ಊರಿನ ನೀರು! ನಾನು ಈಜು ಕಲಿತ, ಅವ್ವ ಬಟ್ಟೆ ಒಗೆದ ಘಾಟಿನಿಂದ ನೀರು ಟಂಟಂ ಆಟೋ ಏರಿ ಈ ಊರಿಗೆ ಬಂದು, ಹಂಡೆಯಲ್ಲಿ ಕೂತು, ನನ್ನ ದೊಡ್ಡವ್ವನಿಂದಲೇ 'ನಮ್ಮೂರ ನೀರಿಗಿಂತ ಛಲೋ' ಅಂತ ಸರ್ಟಿಫಿಕೇಟು ಪಡೆದಿತ್ತು. ವರಪರೀಕ್ಷೆಯಲ್ಲಿ ಪಾಸಾದದ್ದು ವರನಲ್ಲ, ನಮ್ಮ ಹೊಳೆ.

ಪಂಚಮಿಗೆ ತವರಿಗೆ ಹೋದಾಗ ನಾನು ಚೀಲ ಕೆಳಗಿಡುವ ಮೊದಲೇ ದೊಡ್ಡವ್ವನ ಮನೆಗೆ ಹೋದೆ. ಮೋಸ ಆಗಿದೆ, ನಿನ್ನ ಕಣ್ಣಿಗೆ ಮಣ್ಣೆರಚಿದ್ದಾರೆ ಅಂತ ಕೂಗಾಡಿದೆ. ಅವಳು ಉಂಡಿ ಕಟ್ಟುತ್ತಿದ್ದಳು. ಕೈ ನಿಲ್ಲಿಸಲೂ ಇಲ್ಲ.

"ಹುಟ್ಟಿದಾಗಿಂದ ಕುಡದ ನೀರು ನನಗ ಗುರ್ತು ಸಿಗಂಗಿಲ್ಲೇನ? ಒಂದ್ ಗುಟುಕಿಗೇ ಗೊತ್ತಾಗಿತ್ತು."

"ಮತ್ತ ಯಾಕ ಸುಮ್ಮ ಕುಂತಿ?"

"ಅಷ್ಟು ದೂರಿಂದ ಹೊತಗೊಂಡು ಬಂದಾರ ಅಂದ್ರ ಹುಡುಗಿ ಬೇಕೇ ಬೇಕು ಅಂತ ಅಲ್ಲೇನ? ಬ್ಯಾಡಾಗಿದ್ರ ಬೋರಿಂದೇ ಕೊಟ್ಟು ಕಳಸ್ತಿದ್ರು. ನೀರಿಂದೇನ, ರೂಢಿ ಆಗ್ತದ."

ಇಂಥ ತರ್ಕಕ್ಕೆ ಯಾವ ಕಾಲೇಜಿನಲ್ಲೂ ಉತ್ತರ ಕಲಿಸುವುದಿಲ್ಲ. ಮೋಸ ಮಾಡಿದ್ದಾರೆ, ಅಂದರೆ ಪ್ರೀತಿಯಿದೆ. ಎರಡೂ ಕಡೆಯವರಿಗೆ ಗೊತ್ತಿತ್ತು. ಗೊತ್ತಿಲ್ಲದವಳು ಒಬ್ಬಳೇ, ಆ ನೀರು ಕುಡಿಯಬೇಕಾದವಳು. ದೊಡ್ಡವ್ವ ಬಾಯಿಗೆ ತುರುಕಿದ ಉಂಡಿಯನ್ನು ಉಗಿಯಲೂ ಆಗದೆ ನುಂಗಲೂ ಆಗದೆ ಅತ್ತುಬಿಟ್ಟೆ. ಅದನ್ನು ತವರಿನ ಮೋಹ ಅಂತ ತಿಳಿದುಕೊಂಡು ಅವಳು ಇನ್ನೊಂದು ಕೊಟ್ಟಳು.

ಮುಂದೆ ನನಗೆ ನೌಕರಿ ಸಿಕ್ಕಿತು. ಊರಿಗೆ ಫಿಲ್ಟರ್ ನೀರಿನ ಘಟಕವೂ ಬಂತು, ನಾಣ್ಯ ಹಾಕಿದರೆ ಕ್ಯಾನು ತುಂಬಿಕೊಡುವಂಥದ್ದು. ಅಂದಿನಿಂದ ನಮ್ಮ ಮನೆಯಲ್ಲೂ ಸಿಹಿನೀರು, ಉಪ್ಪುನೀರು ಅಂತ ಎರಡಾದವು, ಅವುಗಳ ಹಂಚಿಕೆಯೂ ಶುರುವಾಯಿತು. ಭೂಮಿಯ ಹಂಚಿಕೆಗೆ ಕಾರಣ ಹೇಳಬಹುದು. ನಮ್ಮ ಮನೆಯದಕ್ಕೆ ಮಾವನನ್ನೇ ಕೇಳಬೇಕು.

ಕ್ಯಾನು ಇರುವುದು ಪಡಸಾಲೆಯಲ್ಲಿ, ಮಾವನ ಮಂಚದ ತಲೆದೆಸೆಗೆ. ಅದು ಮೊದಲು ಮಾವನಿಗೆ, ಯಾಕೆಂದರೆ ಅವರಿಗೆ ಕಿಡ್ನಿಯಲ್ಲಿ ಹರಳಾಗಿತ್ತು. ಆಮೇಲೆ ಗಂಡುಮಕ್ಕಳಿಗೆ, ಅಂದರೆ ನನ್ನ ಗಂಡನಿಗೂ ಮೈದುನನಿಗೂ, ಯಾಕೆಂದರೆ ಅವರು ಹೊರಗೆ ದುಡಿದು ಬರುವವರು. ನಾನೂ ಹೊರಗೇ ದುಡಿಯುತ್ತೇನೆ ಅಂದರೆ, "ನಿಮ್ಮ ಸಾಲ್ಯಾಗ ನೀರು ಇಟ್ಟಿರ್ತಾರಲ್ಲವ್ವ" ಅನ್ನುತ್ತಾರೆ. ಆಮೇಲೆ ಲಿಂಗಪೂಜೆಗೆ, ಯಾಕೆಂದರೆ ಸವಳು ನೀರಿಗೆ ಲಿಂಗದ ಮೇಲೆ ಕಲೆ ಕೂರುತ್ತದೆ. ಆಮೇಲೆ ಬಂದವರಿಗೆ, ಯಾಕೆಂದರೆ ಮನೆಯ ಇಜ್ಜತ್ ಪ್ರಶ್ನೆ. ಅಷ್ಟರಲ್ಲಿ ಕ್ಯಾನು ಖಾಲಿ. ಅಡುಗೆಮನೆಯ ಹೆಂಗಸರಿಗೆ ಹಿತ್ತಲಿನ ಬೋರಿನ ಡ್ರಮ್ಮು. ತಲೆಗೆ ಅದೇ, ಹೊಟ್ಟೆಗೆ ಅದೇ. ಕೂದಲು ಬಾಚಣಿಗೆ ತುಂಬ ಉದುರಿದರೆ, "ಟೆನ್ಶನ್ ಮಾಡ್ಕೋಬ್ಯಾಡ" ಅನ್ನುವ ಸಲಹೆ ಪುಕ್ಕಟೆ.

ಮಾವನ ಹರಳಿನ ಕಥೆ ಊರಿಗೆಲ್ಲ ಗೊತ್ತು. ಬಂದವರಿಗೆಲ್ಲ ಅದರ ಗಾತ್ರವನ್ನು ಬೆರಳಲ್ಲಿ ತೋರಿಸುತ್ತಾರೆ. ವರ್ಷ ಕಳೆದಂತೆ ಬೆರಳುಗಳ ನಡುವಿನ ಸಂದು ದೊಡ್ಡದಾಗುತ್ತಾ ಬಂದಿದೆ. ಅತ್ತೆಗೂ ಹರಳಾಯಿತು. ಅದು ಯಾರಿಗೂ ಗೊತ್ತಿಲ್ಲ. ಡಾಕ್ಟರು ಬಾರ್ಲಿ ನೀರು ಕುಡಿಸಿರಿ ಅಂದರು. ಬಾರ್ಲಿ ಬಂತು. ಅದನ್ನು ಬೋರಿನ ನೀರಿನಲ್ಲಿ ಕುದಿಸಿ ಕೊಟ್ಟರು. ನಾನು ಶಾಲೆಯಿಂದ ಬಂದು ಅದನ್ನು ಚೆಲ್ಲಿ, ಕ್ಯಾನಿನ ನೀರಿಗೆ ಕೈ ಹಾಕಿದಾಗ ಅತ್ತೆಯೇ ನನ್ನ ಕೈ ಹಿಡಿದರು. "ಇರ್ಲಿ ಬಿಡವ್ವ. ಅವ್ರು ಎದ್ದ ಕೂಡ್ಲೆ ಕೇಳ್ತಾರ."

ಇದೇ ಮಾವ ಹುಣ್ಣಿಮೆಗೊಮ್ಮೆ ಶರಣಸಂಗದಲ್ಲಿ ಮಾತಾಡುತ್ತಾರೆ. ಮೇಲು ಕೀಳು ಇಲ್ಲ, ಹೆಣ್ಣು ಗಂಡು ಭೇದವಿಲ್ಲ, ಹಂಚಿ ಉಣ್ಣಬೇಕು ಅಂತ ಬಹಳ ಚೆನ್ನಾಗಿ ಹೇಳುತ್ತಾರೆ, ಕೇಳಿದವರ ಕಣ್ಣಲ್ಲಿ ನೀರು ಬರುತ್ತದೆ. ಮಾತಾಡಿ ಗಂಟಲು ಒಣಗಿರುತ್ತದಲ್ಲ, ಮನೆಗೆ ಬಂದವರೇ ಕ್ಯಾನಿನ ನಲ್ಲಿ ತಿರುವುತ್ತಾರೆ.

ಇಷ್ಟರಲ್ಲಿ ನನ್ನ ಮೈದುನ ಮದುವೆಯ ವಯಸ್ಸಿಗೆ ಬಂದ. ನಾನು ಬಂದಾಗ ಚಡ್ಡಿ ಹಾಕಿಕೊಂಡು ನನ್ನಿಂದ ಮಗ್ಗಿ ಹೇಳಿಸಿಕೊಂಡವನು, ಈಗ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಒಳ್ಳೆಯವನು. ನನ್ನ ಕಷ್ಟ ಅರ್ಥವಾಗುವ ಒಬ್ಬನೇ ಗಂಡಸು ಆ ಮನೆಯಲ್ಲಿ. ಆದರೆ ಅವನಿಗೆ ಬಂದ ಎರಡು ಸಂಬಂಧ ಬೇಳೆಯಿಂದಲೇ ಮುರಿದಿದ್ದವು. ಎರಡೂ ಸಲ ಹುಡುಗಿಯ ಕಡೆಯವರು ಹೇಳದೆ ಕೇಳದೆ ಬಂದಿದ್ದರು, ಮಾವನಿಗೆ ನೀರಿನ ತಯಾರಿ ಮಾಡಲು ಹೊತ್ತು ಸಿಕ್ಕಿರಲಿಲ್ಲ. ಕಟಕಟ ಅನ್ನುವ ಬೇಳೆ ನೋಡಿ, ಚಹಾ ಕುಡಿದು, "ಆಮ್ಯಾಲ ತಿಳಸ್ತೀವ್ರಿ" ಅಂತ ಹೋದರು. ಎರಡನೆಯ ಸಲ ಅವನು ಊಟ ಬಿಟ್ಟು ಮಲಗಿದ್ದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಮೂರನೆಯದು ಚಿಂಚೋಳಿ ಕಡೆಯ ಹುಡುಗಿ. ಊರ ಮಗ್ಗುಲಿಗೇ ಕಾಡು, ಡ್ಯಾಮು, ಬೇಕಾದಷ್ಟು ಸೀ ನೀರು. ಸೇಡಂನ ಒಂದು ಆಸ್ಪತ್ರೆಯಲ್ಲಿ ನರ್ಸು. ಈ ಸಲ ಅವರು ಬರುವ ದಿನ ಮೊದಲೇ ತಿಳಿಸಿದ್ದರು. ಮಾವ ದಂಡನಾಯಕರಂತೆ ಎದ್ದು ನಿಂತರು. ಈಗ ಹೊಳೆಗೆ ಟಂಟಂ ಕಳಿಸುವ ಕಾಲ ಹೋಯಿತು. ಫಿಲ್ಟರಿನಿಂದ ಕ್ಯಾನುಗಳು ಬಂದವು, ತಾಮ್ರದ ಹಂಡೆಗೆ ಸುರಿದದ್ದಾಯಿತು, ಖಾಲಿ ಕ್ಯಾನುಗಳು ತೊಗರಿ ಕಟ್ಟಿಗೆಯ ಒಟ್ಟಿಲ ಹಿಂದೆ ಅಡಗಿದವು. ಬೋರಿನ ಮೋಟರಿನ ಫ್ಯೂಜು ಮಾವನ ಅಂಗಿಯ ಕಿಸೆ ಸೇರಿತು. ಯಾರಾದರೂ ಕೇಳಿದರೆ ಕರೆಂಟಿಲ್ಲ ಅನ್ನಬೇಕು. ಪಡಸಾಲೆಯಲ್ಲಿ ಫ್ಯಾನು ತಿರುಗುತ್ತಿತ್ತು. ಅದರ ವಿಚಾರ ಅವರಿಗೆ ಹೊಳೆಯಲಿಲ್ಲ, ನಾನೂ ಹೇಳಲಿಲ್ಲ.

"ಅಡಗಿಮನಿ ನಿಂದು," ಅಂದರು ನನಗೆ. "ಅವ್ರು ಬ್ಯಾಳಿ ಇಡ್ಲಿಕ್ಕ ಬಂದ್ರ ಈ ಹಂಡೆದಾಗಿಂದೇ ನೀರು ಕೊಡ್ಬೇಕು. ಓದಿದಾಕಿ ಇದ್ದಿ, ಸಂಭಾಳಸ್ತಿ."

ಅವರು ಹೋದ ಮೇಲೆ ಮೈದುನ ಬಂದು ಬಾಗಿಲಲ್ಲಿ ನಿಂತ. "ವೈನಿ, ನನಗ ಈ ಹುಡುಗಿ ಮನಸಿಗಿ ಬಂದಾಳ್ರಿ. ಫೋನ್ನಾಗ ಮಾತಾಡೀವಿ. ನಿಮ್ಮ ಕೈಯಾಗ ಅದ," ಅಂದ.

ಎಲ್ಲ ನನ್ನ ಕೈಯಲ್ಲೇ. ನಾನು ಬಾಯಿ ಬಿಟ್ಟರೆ ಈ ಹುಡುಗನ ಮೂರನೆಯ ಸಂಬಂಧವೂ ಹೋಗುತ್ತದೆ. ಬಿಡದಿದ್ದರೆ ಕಾಣದ ಒಂದು ಹುಡುಗಿ ನನ್ನ ಹಾಗೇ ಬಂದು, ಬೇಯದ ಬೇಳೆಯ ಮುಂದೆ ನಿಂತು, ಅಡುಗೆ ಬಾರದವಳು ಅನ್ನಿಸಿಕೊಳ್ಳುತ್ತಾಳೆ. ಆಗ ಅವಳಿಗೆ ನಿಜ ಹೇಳಬೇಕಾದವಳು ನಾನು, ಅತ್ತೆ ನನಗೆ ಹೇಳಿದ ಹಾಗೆ. ನನಗೆ ದೊಡ್ಡವ್ವನ ಮೇಲೆ ಇದ್ದ ಸಿಟ್ಟು ಆ ದಿನ ಇನ್ನೊಮ್ಮೆ ಉಕ್ಕಿ ಬಂತು. ಅವಳಾದರೂ ಆಗಲೇ ಹೇಳಿದ್ದರೆ!

ಹುಡುಗಿ, ಅವಳ ಅಪ್ಪ, ಇಬ್ಬರೇ ಬಂದರು. ಹಿರಿಯ ಹೆಂಗಸು ಯಾರೂ ಇಲ್ಲ. ಮಾವನಿಗೆ ಸಮಾಧಾನವಾಯಿತು. ಅರ್ಧ ಪರೀಕ್ಷೆ ಗೆದ್ದಂತೆ ಅಂದುಕೊಂಡಿರಬೇಕು. ಸುಸಲಾ, ಮಿರ್ಚಿ, ಚಹಾ ಆಯಿತು. ಅಪ್ಪ ತೆಲುಗು ಬೆರೆತ ಕನ್ನಡದಲ್ಲಿ, "ಮಂಚಿ ನೀಳ್ಳು ಛಲೋ ಅವೇನ್ರಿ ನಿಮ್ಮ ಕಡಿ?" ಅಂತ ಕೇಳಿದರು. ಆ ಕಡೆ ಕುಡಿಯುವ ನೀರಿಗೆ ಹಾಗನ್ನುತ್ತಾರೆ.

"ನಮ್ಮ ಬೋರಿನ ನೀರು ಅಂದ್ರ ಅಮೃತ ಅಂತೇನ್ರಿ," ಅಂದರು ಮಾವ. "ಈ ವಯಸ್ಸಿನಾಗ ಹಿಂಗ ಗಟ್ಟಿ ಕುಂತೀನಿ, ಯಾತ್ರಿಂದ? ಆ ನೀರಿಂದೇ."

ತಲೆದೆಸೆಯ ಕ್ಯಾನಿನ ಮೇಲೆ ಆ ದಿನ ಒಂದು ಕಸೂತಿಯ ಬಟ್ಟೆ ಹೊದಿಸಿದ್ದರು. ಮೇಲೊಂದು ಹೂದಾನಿ.

ಹುಡುಗಿ ಕೈ ತೊಳೆದು ಬರುತ್ತೇನೆ ಅಂತ ಬಚ್ಚಲಿಗೆ ಹೋಗಿ, ಅಲ್ಲಿಂದ ಸೀದಾ ಅಡುಗೆಮನೆಗೆ ಬಂದಳು. ಪರ್ಸು ತೆಗೆದು, ಕರ್ಚೀಪಿನಲ್ಲಿ ಕಟ್ಟಿದ ಒಂದು ಹಿಡಿ ಬೇಳೆ ಹೊರಗಿಟ್ಟಳು. "ನಮ್ಮವ್ವ ಕಳಿಸ್ಯಾಳಕ್ಕಾ. ಇಡ್ಲೇಬೇಕಂತ," ಅಂದು ನಕ್ಕಳು. ನಾನು ಹಂಡೆಯಿಂದ ನೀರು ಕೊಟ್ಟೆ. ಬೇಳೆ ಒಲೆ ಏರಿತು. ಇಬ್ಬರೂ ಅದನ್ನೇ ನೋಡುತ್ತಾ ನಿಂತೆವು. ಬೇಳೆ ಅಂಚಿನಲ್ಲಿ ಅರಳತೊಡಗಿತು.

"ಅಕ್ಕಾ, ಇದು ಎಲ್ಲಿ ನೀರು?"

ಮೈದುನನ ಮುಖ ಕಣ್ಣ ಮುಂದೆ ಬಂತು. ಆದರೂ ಹೇಳಿಬಿಟ್ಟೆ. "ಫಿಲ್ಟರಿಂದು. ಮನಿದಲ್ಲ."

"ಗೊತ್ತಾತು," ಅಂದಳು ಅವಳು ಶಾಂತವಾಗಿ. "ಬಚ್ಚಲದಾಗ ಸಾಬೂನಿಗಿ ನೊರೆನೇ ಬರ್ಲಿಲ್ಲ. ಬಕೀಟು ನೋಡಿದ್ರ ಸುಣ್ಣ ಹಚ್ಚಿದಂಗದ."

ಎಷ್ಟೆಲ್ಲ ತಯಾರಿ ಮಾಡಿದ್ದ ಮಾವನಿಗೆ ಬಚ್ಚಲು ನೆನಪಾಗಿರಲಿಲ್ಲ. ತಾವು ತೊಳೆಯದ ಜಾಗ ಗಂಡಸರ ಲೆಕ್ಕದಲ್ಲಿ ಮನೆಯೊಳಗೆ ಬರುವುದಿಲ್ಲ.

ಅವಳು ಬೇಳೆ ತಿರುವಿದಳು. "ನೀರು ಎಲ್ಲಾ ಕಡಿನೂ ಹಿಂಗೇ ಅವ. ಸೇಡಂನಾಗ ನನ್ನ ರೂಮಿನಾಗೂ ಸವಳೇ. ಅದಕ್ಕೇನಿಲ್ಲ. ಈ ಫಿಲ್ಟರ್ ನೀರು ದಿನಾ ತರಸ್ತೀರಲ್ಲ, ಯಾರ್ಯಾರು ಕುಡೀತೀರಿ?"

ನಾನು ಇಷ್ಟು ವರ್ಷ ಭೂಮಿಯ ನೀರು ಹಂಚಿದವಳು. ಇಷ್ಟು ನೇರ ಪ್ರಶ್ನೆ ನನ್ನನ್ನು ಯಾರೂ ಕೇಳಿರಲಿಲ್ಲ.

"ಗಂಡಸರು," ಅಂದೆ. "ಮತ್ತ ದೇವರು."

"ನೀವು?"

"ನಾ ಸಾಲ್ಯಾಗ ಕುಡೀತೀನಿ."

"ಅತ್ತಿಯವರು?"

ಉತ್ತರ ಹೇಳಬೇಕಾಗಲಿಲ್ಲ. ಹಿತ್ತಲ ಬಾಗಿಲಾಚೆ ಅತ್ತೆ ಬೆಳಗಿನಿಂದ ಅಡುಗೆ ಮಾಡಿ ಬೆವರಿದವರು ಡ್ರಮ್ಮಿಗೆ ತಂಬಿಗಿ ಅದ್ದಿ, ಎತ್ತಿ, ಕುಡಿಯುತ್ತಿದ್ದರು. ಹುಡುಗಿ ನೋಡಿದಳು. ಒಲೆ ಆರಿಸಿ, ಬೆಂದ ಬೇಳೆಯನ್ನು ಬಟ್ಟಲಿಗೆ ಹಾಕಿದಳು. ಆಮೇಲೆ ಹಿತ್ತಲಿಗೆ ಹೋಗಿ, ಅತ್ತೆಯ ಕೈಯಿಂದ ತಂಬಿಗಿ ಇಸಿದುಕೊಂಡು, ಡ್ರಮ್ಮಿನಿಂದ ಅದನ್ನು ತುಂಬಿಕೊಂಡಳು. ಅತ್ತೆ ಏನೂ ತಿಳಿಯದೆ ಅವಳ ಹಿಂದೆಯೇ ಬಂದರು. ನಾನೂ ಹೋದೆ.

ಪಡಸಾಲೆಯಲ್ಲಿ ಬಟ್ಟಲು ನೋಡಿ ಮಾವನ ಮುಖ ಬೆಳಗಿತು. ಬೇಳೆಯನ್ನು ಬೆರಳಲ್ಲಿ ಹಿಚುಕಿ ಬೀಗರಾಗುವವರಿಗೆ ತೋರಿಸಿದರು. "ನೋಡ್ರಿ, ಹ್ಯಾಂಗ ಆಗ್ಯಾವ! ನಾ ಹೇಳಿದ್ನಿಲ್ಲ?"

"ಖರೇ ಅದರಿ ಮಾಮಾ," ಅಂದಳು ಹುಡುಗಿ. ದನಿಯಲ್ಲಿ ಒಂದಿಷ್ಟೂ ವ್ಯಂಗ್ಯವಿಲ್ಲ. "ಆವಾಗಿಂದ ಮಾತಾಡಾಕತ್ತೀರಿ, ಬಾಯಿ ಒಣಗಿರಬೇಕು. ನಿಮ್ಮ ಬೋರಿಂದೇ ತಂದೀನಿ. ತಗೋರಿ."

ಮಾವ ತಂಬಿಗಿ ನೋಡಿದರು. ನನ್ನನ್ನು ನೋಡಿದರು. ನಾನು ಫ್ಯಾನು ನೋಡಿದೆ. ಅಮೃತ ಅಂದ ಮೇಲೆ ಒಲ್ಲೆ ಅನ್ನುವುದು ಹೇಗೆ? ಬೀಗರು ಎದುರಿಗೇ ಕೂತಿದ್ದಾರೆ. ತಂಬಿಗಿ ಎತ್ತಿದರು, ದೊಡ್ಡ ಗುಟುಕು ಬಾಯಿಗೆ ತುಂಬಿಕೊಂಡರು. ಅಲ್ಲೇ ನಿಂತರು. ಕೆನ್ನೆ ಎರಡೂ ಉಬ್ಬಿದ್ದವು. ಉಗುಳಲು ಜಾಗವಿಲ್ಲ. ಕಣ್ಣು ಮುಚ್ಚಿ ನುಂಗಿದರು. ಆ ಗುಟುಕು ಗಂಟಲಲ್ಲಿ ಇಳಿದದ್ದು ಎಲ್ಲರಿಗೂ ಕೇಳಿಸಿತು. ನನಗೆ ಎಷ್ಟು ಖುಷಿಯಾಯಿತೆಂದರೆ ಅದನ್ನು ಬಚ್ಚಿಡಲು ಸೆರಗು ಬಾಯಿಗೆ ಒತ್ತಿಕೊಂಡೆ.

ಆದರೆ ಮಾವ ನಾಟಕ ಮಾಡುತ್ತಿರಲಿಲ್ಲ. ನಿಜವಾಗಿ ದಂಗಾಗಿದ್ದರು; ಫಿಲ್ಟರು ಬಂದ ಮೇಲೆ ಬೋರಿನ ರುಚಿಯನ್ನು ಅವರ ನಾಲಿಗೆ ಮರೆತೇಬಿಟ್ಟಿತ್ತು. ಬೀಗರನ್ನು ಮರೆತು ಬಾಗಿಲಲ್ಲಿ ನಿಂತ ಅತ್ತೆಯ ಕಡೆ ತಿರುಗಿ ಕೇಳಿದರು. "ಏನಿದು? ನೀರು ಯಾವಾಗಿಂದ ಹಿಂಗ ಆಗ್ಯಾವ?"

ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದರು. ದನಿ ಎತ್ತಲೂ ಇಲ್ಲ.

"ನಾ ಬಂದಾಗಿಂದ ಹಿಂಗೇ ಅವ."

ಹುಡುಗಿಯ ಅಪ್ಪ ಚಹಾದ ಖಾಲಿ ಕಪ್ಪನ್ನು ಕೆಳಗಿಟ್ಟು, ಎದ್ದು, "ಆಮ್ಯಾಲ ತಿಳಸ್ತೀವ್ರಿ" ಅಂದರು. ಮೈದುನ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಮಾವ ಆ ಸಂಜೆ ನನ್ನ ಓದು, ನನ್ನ ತವರು, ನನ್ನ ಸರ್ಕಾರಿ ನೌಕರಿ ಎಲ್ಲವನ್ನೂ ಬೈದರು. ನಾನು ಮೈದುನನ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದೆ.

ತಿಳಿಸುತ್ತೇವೆ ಅಂದವರು ನಿಜವಾಗಿ ತಿಳಿಸಿದ್ದು ನಮ್ಮ ಕಡೆ ಅದೇ ಮೊದಲಿರಬೇಕು. ಹುಡುಗಿಯೇ ಮೈದುನನಿಗೆ ಫೋನು ಮಾಡಿದಳು. ಬರುತ್ತೇನೆ, ಆದರೆ ಕ್ಯಾನು ಅಡುಗೆಮನೆಯಲ್ಲಿರಬೇಕು, ಎಲ್ಲರಿಗೂ ಒಂದೇ ನೀರು ಇರಬೇಕು ಅಂದಳಂತೆ. ಅವನು ಪೂರ್ತಿ ಕೇಳುವ ಮೊದಲೇ ಹೂಂ ಅಂದನಂತೆ. ಮಾವ ಎರಡು ದಿನ ಮುಖ ತಿರುಗಿಸಿಕೊಂಡು ಕೂತರು. ಮೂರನೆಯ ದಿನ ಊರ ಕಟ್ಟೆಯ ಮೇಲೆ, ಕ್ಯಾನು ಅಡುಗೆಮನೆಗೆ ಒಯ್ಯಬೇಕು ಅಂತ ತಮಗೇ ಮೊದಲಿನಿಂದ ಇತ್ತು, ಮನೆಯ ಹೆಂಗಸರೇ ಒಪ್ಪಿರಲಿಲ್ಲ ಅಂತ ಹೇಳುತ್ತಿದ್ದದ್ದನ್ನು ನಾನೇ ಕಿವಿಯಾರೆ ಕೇಳಿದೆ. ಮುಂದಿನ ಶರಣಸಂಗದಲ್ಲಿ ಅದು ಒಂದು ದೃಷ್ಟಾಂತವೂ ಆಯಿತು.

ಮದುವೆಯಾಯಿತು. ಅವಳು ಬಂದ ಮರುದಿನವೇ ಕ್ಯಾನು ಅಡುಗೆಮನೆಯ ಕಟ್ಟೆ ಏರಿತು. ಮೊದಲ ಗ್ಲಾಸು ತುಂಬಿ ಅವಳು ಅತ್ತೆಯ ಕೈಗೆ ಕೊಟ್ಟಳು. ನಾನು ರೊಟ್ಟಿ ಬಡಿಯುವುದನ್ನು ಬಿಟ್ಟು ನೋಡುತ್ತಾ ನಿಂತೆ. ಅತ್ತೆ ಇಷ್ಟು ವರ್ಷ ಬೇರೆಯವರಿಗೆ ತುಂಬಿ ಕೊಟ್ಟ ನೀರನ್ನು ಒಂದು ಗುಟುಕು ಬಾಯಿಗೆ ಹಾಕಿಕೊಂಡರು. ಬಾಯಲ್ಲಿ ಆ ಕಡೆ ಈ ಕಡೆ ಹೊರಳಿಸಿದರು. ನುಂಗಿ ಮುಖ ಕಿವುಚಿದರು.

"ಸಪ್ಪಗ ಅದವ್ವ," ಅಂದರು. "ನೀರು ಕುಡದಂಗೇ ಆಗಂಗಿಲ್ಲ. ನಿಮ್ಮ ಮಾವಗ ಕೊಡ್ರಿ." ಗ್ಲಾಸನ್ನು ಕಟ್ಟೆಯ ಮೇಲಿಟ್ಟು, ತಂಬಿಗಿ ತೆಗೆದುಕೊಂಡು, ಹಿತ್ತಲಿನ ಡ್ರಮ್ಮಿನ ಕಡೆಗೆ ನಡೆದರು.

ಪಡಸಾಲೆಯಿಂದ ಮಾವನ ದನಿ ಬಂತು. "ನಾ ಹೇಳಿದ್ನಿಲ್ಲ? ಅಕಿಗಿ ಅದು ಹಿಡಸಂಗೇ ಇಲ್ಲ. ತರ್ರಿ ಇತ್ತಾಗ."

ನಾನು ಆ ಗ್ಲಾಸು ಎತ್ತಿಕೊಂಡು ನಿಂತಲ್ಲೇ ಗಟಗಟ ಪೂರ್ತಿ ಕುಡಿದುಬಿಟ್ಟೆ. ಸಿಟ್ಟಿನಲ್ಲಿ ನನಗೂ ಅದರ ರುಚಿ ತಿಳಿಯಲಿಲ್ಲ.